ಎಡಿಎಚ್‌ಡಿ ಮತ್ತು ದೈಹಿಕ ಚಲನೆ

ಎಡಿಎಚ್‌ಡಿ ಮತ್ತು ದೈಹಿಕ ಚಲನೆ ಎಂಬ ವಿಷಯವು ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ಅಸ್ವಸ್ಥತೆ (ಎಡಿಎಚ್‌ಡಿ) ಇರುವ ಮಕ್ಕಳು ಹಾಗೂ ಹದಿಹರೆಯದವರು ಕಲಿಕೆಯ ಮೇಲೆ ಗಮನ ನಿಲ್ಲಿಸಲು ನೆರವಾಗುವಂತೆ ನಡಿಗೆ, ಓಟ, ಆಟ, ಯೋಗ, ಕುಣಿತ ಮೊದಲಾದ ಚಲನೆಗಳನ್ನು ಬಳಸುವ ಕ್ರಮಗಳಿಗೆ ಸಂಬಂಧಿಸಿದ್ದಾಗಿದೆ. ಒಂದೆಡೆ ಕುಳಿತುಕೊಳ್ಳಲಾಗದಿರುವುದು ಈ ಅಸ್ವಸ್ಥತೆಯ ಲಕ್ಷಣಗಳಲ್ಲಿ ಒಂದು. ಆದ್ದರಿಂದ ಮಗುವಿನ ಚಲನೆಯನ್ನು ತಡೆದರೆ ಗಮನ ತಾನಾಗಿ ಬರುತ್ತದೆ ಎಂಬ ನಂಬಿಕೆ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ವ್ಯಾಪಕವಾಗಿದೆ. ಕಳೆದ ಎರಡು ದಶಕಗಳ ಸಂಶೋಧನೆಗಳು ಈ ನಂಬಿಕೆಯನ್ನು ಸಮರ್ಥಿಸುವುದಿಲ್ಲ. ಸೂಕ್ತ ಚಲನೆಯು ಇಂತಹ ಮಕ್ಕಳ ಗಮನವನ್ನು ಅಲ್ಪಕಾಲದ ಮಟ್ಟಿಗಾದರೂ ಸುಧಾರಿಸುತ್ತದೆ ಎಂದು ಅವು ಸೂಚಿಸುತ್ತವೆ. ಆದರೆ ಚಲನೆಯು ರೋಗನಿರ್ಣಯ, ವರ್ತನಾ ತರಬೇತಿ ಮತ್ತು ಔಷಧಗಳಿಗೆ ಪೂರಕವೇ ಹೊರತು ಪರ್ಯಾಯವಲ್ಲ.

ಈ ಲೇಖನವು ವಿಷಯದ ಸಾಮಾನ್ಯ ವಿವರಣೆಯೊಂದಿಗೆ ಕರ್ನಾಟಕದ, ವಿಶೇಷವಾಗಿ ಮಂಡ್ಯ ಜಿಲ್ಲೆಯ ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಸಂದರ್ಭವನ್ನೂ ಒಳಗೊಂಡಿದೆ.

ಹಿನ್ನೆಲೆ

ಎಡಿಎಚ್‌ಡಿ ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ ಸ್ಥಿತಿ. ಗಮನದ ಕೊರತೆ, ಅತಿಚಟುವಟಿಕೆ ಮತ್ತು ಯೋಚಿಸದೆ ಮುನ್ನುಗ್ಗುವ ಸ್ವಭಾವ ಇದರ ಮೂರು ಮುಖ್ಯ ಲಕ್ಷಣಗಳು. ಗಮನದ ಕೊರತೆ ಪ್ರಧಾನವಾಗಿರುವ ಬಗೆ, ಅತಿಚಟುವಟಿಕೆ ಪ್ರಧಾನವಾಗಿರುವ ಬಗೆ ಹಾಗೂ ಎರಡೂ ಕೂಡಿದ ಬಗೆ ಎಂದು ಇದನ್ನು ವಿಂಗಡಿಸಲಾಗುತ್ತದೆ. ಹುಡುಗರಲ್ಲಿ ಇದು ಹೆಚ್ಚಾಗಿ ಗುರುತಿಸಲ್ಪಡುತ್ತದೆ. ಹುಡುಗಿಯರಲ್ಲಿ ಗಮನದ ಕೊರತೆಯೇ ಪ್ರಧಾನವಾಗಿರುವುದು ಹೆಚ್ಚಾದ್ದರಿಂದ, ತರಗತಿಗೆ ತೊಂದರೆ ಕೊಡದೆ ಕಿಟಕಿಯ ಹೊರಗೆ ನೋಡುತ್ತ ಕುಳಿತ ಬಾಲಕಿಯ ಸಮಸ್ಯೆ ಹಲವು ವೇಳೆ ಗಮನಕ್ಕೆ ಬರುವುದೇ ಇಲ್ಲ.

1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಮನಸ್ಸು ಒಂದೇ ವಿಷಯದಲ್ಲಿ ನಿಲ್ಲದ ಸ್ಥಿತಿಯನ್ನು ವಿವರಿಸಿದ್ದನು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತನ್ನ ಉಪನ್ಯಾಸಗಳಲ್ಲಿ ಬುದ್ಧಿಶಕ್ತಿ ಸಹಜವಾಗಿದ್ದರೂ ವರ್ತನೆಯ ಮೇಲೆ ಹತೋಟಿಯಿಲ್ಲದ ಮಕ್ಕಳನ್ನು ಕುರಿತು ಮಾತನಾಡಿದನು. ಅಮೆರಿಕದ ಮನೋವೈದ್ಯಕೀಯ ಸಂಘದ ವರ್ಗೀಕರಣ ಕೈಪಿಡಿಯಲ್ಲಿ 1968ರಲ್ಲಿ ಇದು ಬಾಲ್ಯದ ಅತಿಚಲನೆಯ ಪ್ರತಿಕ್ರಿಯೆ ಎಂಬ ಹೆಸರಿನಲ್ಲಿ ಸೇರಿತು. 1980ರ ಆವೃತ್ತಿಯಲ್ಲಿ ಗಮನದ ಕೊರತೆಗೆ ಪ್ರಾಧಾನ್ಯ ದೊರೆಯಿತು. 1987ರಲ್ಲಿ ಈಗಿನ ಹೆಸರು ಬಳಕೆಗೆ ಬಂದಿತು. 2013ರ ಐದನೆಯ ಆವೃತ್ತಿಯ ಪ್ರಕಾರ ಲಕ್ಷಣಗಳು ಕನಿಷ್ಠ 6 ತಿಂಗಳು ಇರಬೇಕು, ಅವುಗಳಲ್ಲಿ ಕೆಲವು 12 ವರ್ಷಕ್ಕೆ ಮೊದಲೇ ಕಾಣಿಸಿಕೊಂಡಿರಬೇಕು ಮತ್ತು ಮನೆ, ಶಾಲೆಗಳಂತಹ ಎರಡು ಅಥವಾ ಹೆಚ್ಚು ಕಡೆಗಳಲ್ಲಿ ಕಂಡುಬರಬೇಕು.

2007ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷಾ ವಿಶ್ಲೇಷಣೆಯೊಂದು ಮಕ್ಕಳು ಮತ್ತು ಹದಿಹರೆಯದವರಲ್ಲಿ ಇದರ ಪ್ರಮಾಣ ಶೇ. 5ರಷ್ಟು ಎಂದು ಅಂದಾಜಿಸಿತು. ತಮಿಳುನಾಡಿನ ಕೊಯಮತ್ತೂರಿನ ಪ್ರಾಥಮಿಕ ಶಾಲಾ ಮಕ್ಕಳಲ್ಲಿ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 11ರಷ್ಟು ಮಕ್ಕಳಲ್ಲಿ ಇದು ಕಂಡುಬಂದಿತು. ಅಳೆಯುವ ವಿಧಾನ ಬದಲಾದಂತೆ ಈ ಸಂಖ್ಯೆಯೂ ಬದಲಾಗುತ್ತದೆ.

ಚಲನೆ ಮತ್ತು ಗಮನದ ಸಂಬಂಧ

ಗಮನ, ಕಾರ್ಯಕಾರಿ ಸ್ಮೃತಿ ಮತ್ತು ಆತುರದ ನಿಯಂತ್ರಣಗಳಲ್ಲಿ ಮೆದುಳಿನ ಮುಂಭಾಗದ ತೊಗಟೆಯ ಪಾತ್ರ ದೊಡ್ಡದು. ಈ ಭಾಗದ ಕೆಲಸಕ್ಕೆ ಡೋಪಮೈನ್ ಮತ್ತು ನಾರ್‌ಅಡ್ರಿನಲಿನ್ ಎಂಬ ನರವಾಹಕ ರಾಸಾಯನಿಕಗಳು ಸೂಕ್ತ ಪ್ರಮಾಣದಲ್ಲಿರಬೇಕು. ಎಡಿಎಚ್‌ಡಿಗೆ ನೀಡುವ ಮಿಥೈಲ್‌ಫೆನಿಡೇಟ್ ಮುಂತಾದ ಔಷಧಗಳು ಈ ರಾಸಾಯನಿಕಗಳ ಲಭ್ಯತೆಯನ್ನು ಹೆಚ್ಚಿಸುತ್ತವೆ. ಮಧ್ಯಮ ತೀವ್ರತೆಯ ವ್ಯಾಯಾಮವೂ ಇದೇ ವ್ಯವಸ್ಥೆಯನ್ನು ಸ್ವಲ್ಪ ಕಾಲ ಚುರುಕುಗೊಳಿಸುತ್ತದೆ ಎಂಬುದು ಚಲನೆಯ ಪರಿಣಾಮಕ್ಕೆ ನೀಡಲಾಗುವ ಮುಖ್ಯ ವಿವರಣೆ.

2007ರಲ್ಲಿ ಅಮೆರಿಕದ ಸಂಶೋಧಕರು ಮೆದುಳಿನ ಚಿತ್ರಗಳನ್ನು ಹೋಲಿಸಿ, ತೊಗಟೆಯ ದಪ್ಪ ಗರಿಷ್ಠ ಮಟ್ಟ ತಲುಪುವ ವಯಸ್ಸು ಸಾಮಾನ್ಯ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷವಾದರೆ, ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಸುಮಾರು ಹತ್ತೂವರೆ ವರ್ಷ ಎಂದು ತೋರಿಸಿದರು. ಅಂದರೆ ಐದನೆಯ ತರಗತಿಯ ಇಂತಹ ವಿದ್ಯಾರ್ಥಿಯಿಂದ ಅದೇ ವಯಸ್ಸಿನ ಇತರರಷ್ಟೇ ಹೊತ್ತು ಅಲುಗಾಡದೆ ಕುಳಿತಿರಬೇಕೆಂದು ನಿರೀಕ್ಷಿಸುವುದು ಅವನ ಬೆಳವಣಿಗೆಯ ಹಂತಕ್ಕೆ ಹೊಂದುವುದಿಲ್ಲ.

ಚಡಪಡಿಕೆಗೇ ಒಂದು ಉದ್ದೇಶವಿರಬಹುದು ಎಂಬ ಅಭಿಪ್ರಾಯವೂ ಇದೆ. 1970ರ ದಶಕದಲ್ಲಿ ಮಂಡಿಸಲಾದ ಸಿದ್ಧಾಂತವೊಂದರ ಪ್ರಕಾರ ಈ ಮಕ್ಕಳ ಮೆದುಳಿಗೆ ಬೇಸರದ ಕೆಲಸದಲ್ಲಿ ಸಾಕಷ್ಟು ಪ್ರಚೋದನೆ ದೊರೆಯುವುದಿಲ್ಲ. ಅಲುಗಾಡುವ ಮೂಲಕ ಮಗು ಎಚ್ಚರದ ಮಟ್ಟವನ್ನು ತಾನೇ ಏರಿಸಿಕೊಳ್ಳುತ್ತದೆ. 2015ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 8ರಿಂದ 12 ವರ್ಷದ ಹುಡುಗರಿಗೆ ಕಾರ್ಯಕಾರಿ ಸ್ಮೃತಿಯ ಪರೀಕ್ಷೆಗಳನ್ನು ನೀಡಲಾಯಿತು. ಹೆಚ್ಚು ಅಲುಗಾಡಿದಾಗ ಎಡಿಎಚ್‌ಡಿ ಇದ್ದವರ ಉತ್ತರಗಳು ಸುಧಾರಿಸಿದವು. ಇಲ್ಲದವರಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶ ಕಂಡಿತು.

ಸಂಶೋಧನೆಗಳು

2013ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಪ್ರಕಟವಾಯಿತು. ಎಡಿಎಚ್‌ಡಿ ಇರುವ 20 ಹಾಗೂ ಇಲ್ಲದ 20 ಮಕ್ಕಳು ಒಂದು ದಿನ 20 ನಿಮಿಷ ಟ್ರೆಡ್‌ಮಿಲ್ ಮೇಲೆ ಮಧ್ಯಮ ವೇಗದಲ್ಲಿ ನಡೆದರು. ಇನ್ನೊಂದು ದಿನ ಅಷ್ಟೇ ಹೊತ್ತು ಕುಳಿತು ಓದಿದರು. ನಡೆದ ದಿನ ಎರಡೂ ಗುಂಪಿನವರು ಗಮನದ ಪರೀಕ್ಷೆಯಲ್ಲಿ ಹೆಚ್ಚು ನಿಖರವಾಗಿ ಉತ್ತರಿಸಿದರು ಮತ್ತು ಓದು, ಗಣಿತಗಳಲ್ಲಿಯೂ ಉತ್ತಮ ಅಂಕ ಗಳಿಸಿದರು. ಒಂದೇ ಬಾರಿಯ ಚಲನೆಯ ತಕ್ಷಣದ ಪರಿಣಾಮವನ್ನು ಮಾತ್ರ ಈ ಅಧ್ಯಯನ ಅಳೆದಿತ್ತು.

ದೀರ್ಘಾವಧಿಯ ಪರಿಣಾಮವನ್ನು ನೋಡಿದ ಅಧ್ಯಯನಗಳಲ್ಲಿ 2015ರ ಒಂದು ಪ್ರಯೋಗ ಪ್ರಮುಖವಾದುದು. ಸುಮಾರು 200 ಪುಟ್ಟ ಮಕ್ಕಳು ಇದರಲ್ಲಿ ಭಾಗವಹಿಸಿದ್ದರು. ಶಾಲೆ ಆರಂಭವಾಗುವ ಮೊದಲು ಪ್ರತಿದಿನ ಅರ್ಧ ಗಂಟೆಯಂತೆ 12 ವಾರಗಳ ಕಾಲ ಒಂದು ಗುಂಪು ಚುರುಕಾದ ಆಟಗಳನ್ನಾಡಿತು. ಇನ್ನೊಂದು ಗುಂಪು ತರಗತಿಯೊಳಗೆ ಕುಳಿತು ಮಾಡುವ ಚಟುವಟಿಕೆಯಲ್ಲಿ ತೊಡಗಿತು. ಎರಡೂ ಗುಂಪುಗಳಲ್ಲಿ ಸುಧಾರಣೆ ಕಂಡಿತಾದರೂ ಮನೆಯಲ್ಲಿನ ಗಮನದ ಕೊರತೆಯು ಆಟವಾಡಿದ ಮಕ್ಕಳಲ್ಲಿ ಹೆಚ್ಚು ತಗ್ಗಿತು.

ಕರ್ನಾಟಕದಲ್ಲಿ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ (ನಿಮ್ಹಾನ್ಸ್) ಯೋಗವನ್ನು ಪೂರಕ ಚಿಕಿತ್ಸೆಯಾಗಿ ಬಳಸಿ ನಡೆಸಿದ ಅಧ್ಯಯನವು 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ಸೈಕಿಯಾಟ್ರಿಯಲ್ಲಿ ಪ್ರಕಟವಾಯಿತು. ಮಕ್ಕಳ ಮನೋವೈದ್ಯಕೀಯ ವಾರ್ಡಿನಲ್ಲಿ ದಾಖಲಾಗಿದ್ದ 5ರಿಂದ 16 ವರ್ಷದೊಳಗಿನ 9 ಮಕ್ಕಳಿಗೆ, ನಡೆಯುತ್ತಿದ್ದ ಚಿಕಿತ್ಸೆಯೊಂದಿಗೆ ಯೋಗವನ್ನೂ ಕಲಿಸಲಾಯಿತು. ಬಿಡುಗಡೆಯ ವೇಳೆಗೆ ಅವರ ಲಕ್ಷಣಗಳ ಅಳತೆಗಳು ಗಣನೀಯವಾಗಿ ತಗ್ಗಿದ್ದವು. ಹೋಲಿಕೆಗೆ ಬೇರೊಂದು ಗುಂಪು ಇಲ್ಲದಿದ್ದುದರಿಂದ ಈ ಸುಧಾರಣೆ ಯೋಗದಿಂದಲೇ ಆಯಿತೆಂದು ಹೇಳಲಾಗದು. ತೀವ್ರ ಲಕ್ಷಣಗಳಿರುವ ಮಕ್ಕಳಿಗೂ ಯೋಗ ಕಲಿಸಲು ಸಾಧ್ಯ ಎಂಬುದು ಇದರಿಂದ ತಿಳಿದ ಮುಖ್ಯ ಅಂಶ.

ಎಲ್ಲ ಬಗೆಯ ಚಲನೆಯೂ ನೆರವಾಗುವುದಿಲ್ಲ. ಬೆರಳುಗಳ ನಡುವೆ ತಿರುಗಿಸುವ ಫಿಜೆಟ್ ಸ್ಪಿನ್ನರ್ ಎಂಬ ಆಟಿಕೆಯನ್ನು ಏಕಾಗ್ರತೆಯ ಸಾಧನವೆಂದು ಮಾರಲಾಗುತ್ತಿತ್ತು. ಆದರೆ ಎಡಿಎಚ್‌ಡಿ ಇರುವ ಪುಟ್ಟ ಮಕ್ಕಳ ತರಗತಿಯಲ್ಲಿ ಪರೀಕ್ಷಿಸಿದಾಗ ಅದು ಗಮನವನ್ನು ಕುಗ್ಗಿಸಿತು. ಕಣ್ಣನ್ನು ಪಾಠದಿಂದ ಬೇರೆಡೆಗೆ ಸೆಳೆಯುವ ವಸ್ತುವಿಗೂ ಇಡೀ ದೇಹ ತೊಡಗುವ ಚಲನೆಗೂ ವ್ಯತ್ಯಾಸವಿದೆ.

ಶಾಲೆಯಲ್ಲಿ ಬಳಸುವ ಕ್ರಮಗಳು

ಪಾಠಕ್ಕೆ ಮೊದಲು: ಗಣಿತ, ಭಾಷೆಗಳಂತಹ ಹೆಚ್ಚು ಗಮನ ಬೇಡುವ ಅವಧಿಗೆ ಮುನ್ನ 15ರಿಂದ 20 ನಿಮಿಷಗಳ ಬಿರುಸಿನ ನಡಿಗೆ, ಓಟ ಅಥವಾ ಗುಂಪು ಆಟ. ದೈಹಿಕ ಶಿಕ್ಷಣದ ಅವಧಿಯನ್ನು ದಿನದ ಕೊನೆಗೆ ಇಡುವ ಬದಲು ಇಂತಹ ಪಾಠಗಳ ಮೊದಲು ಇಡುವುದರಿಂದ ತಕ್ಷಣದ ಪರಿಣಾಮದ ಲಾಭ ದೊರೆಯುತ್ತದೆ.

ಪಾಠದ ನಡುವೆ: 40 ನಿಮಿಷಗಳ ಅವಧಿಯ ಮಧ್ಯದಲ್ಲಿ ಎರಡು, ಮೂರು ನಿಮಿಷಗಳ ವಿರಾಮ. ಎದ್ದು ನಿಂತು ಕೈ ಚಾಚುವುದು, ನಿಂತಲ್ಲೇ ಜಿಗಿಯುವುದು ಇತ್ಯಾದಿಗಳನ್ನು ಇಡೀ ತರಗತಿ ಮಾಡಿದರೆ ಒಂದು ಮಗುವನ್ನು ಬೇರ್ಪಡಿಸಿ ತೋರಿಸಿದಂತಾಗುವುದಿಲ್ಲ.

ಪಾಠದೊಳಗೆ: ಹೆಜ್ಜೆ ಹಾಕುತ್ತ ಮಗ್ಗಿ ಹೇಳುವುದು, ಅಂಗಳದಲ್ಲಿ ಸುಣ್ಣದಿಂದ ಬರೆದ ಸಂಖ್ಯೆ ಅಥವಾ ಅಕ್ಷರದ ಮೇಲೆ ಜಿಗಿಯುವುದು, ಪದ್ಯಕ್ಕೆ ಅಭಿನಯ ಮಾಡುವುದು.

ಒಪ್ಪಿತ ಚಲನೆ: ಕಪ್ಪು ಹಲಗೆ ಒರೆಸುವುದು, ಪುಸ್ತಕ ಹಂಚುವುದು, ಪಕ್ಕದ ಕೊಠಡಿಯಿಂದ ಸೀಮೆಸುಣ್ಣ ತರುವುದು ಮುಂತಾದ ಕೆಲಸಗಳನ್ನು ಮಗುವಿಗೆ ವಹಿಸುವುದು, ಹಿಂದಿನ ಸಾಲಿನಲ್ಲಿ ನಿಂತು ಬರೆಯಲು ಅವಕಾಶ ಕೊಡುವುದು. ಅಲುಗಾಡುವ ಅಗತ್ಯವು ಇಲ್ಲಿ ಅಪರಾಧವಾಗದೆ ಉಪಯುಕ್ತ ಕೆಲಸವಾಗುತ್ತದೆ.

ಮನೆಯಲ್ಲಿ ಶಾಲೆಯಿಂದ ಬಂದ ಕೂಡಲೇ ಮನೆಪಾಠಕ್ಕೆ ಕೂರಿಸುವ ಬದಲು ಮೊದಲು ಆಡಲು ಬಿಟ್ಟು, ನಂತರ ಪಾಠವನ್ನು ಚಿಕ್ಕ ಭಾಗಗಳಾಗಿ ಮಾಡಿಸುವುದು ಇದೇ ತತ್ತ್ವದ ಮುಂದುವರಿಕೆ. 5ರಿಂದ 17 ವರ್ಷದ ಎಲ್ಲ ಮಕ್ಕಳಿಗೂ ದಿನಕ್ಕೆ ಸರಾಸರಿ 60 ನಿಮಿಷಗಳ ಮಧ್ಯಮದಿಂದ ತೀವ್ರ ಮಟ್ಟದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ನಲಿ-ಕಲಿ

ಚಲನೆಗೆ ಅವಕಾಶವಿರುವ ತರಗತಿಗೆ ಕರ್ನಾಟಕದಲ್ಲಿಯೇ ಒಂದು ದೊಡ್ಡ ಮಾದರಿಯಿದೆ. ನಲಿ-ಕಲಿ ಪದ್ಧತಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾಯಿತು. ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಕಲಿಕಾ ಕ್ರಮ ಇದಕ್ಕೆ ಪ್ರೇರಣೆ. 2009-10ರಲ್ಲಿ ಇದನ್ನು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಕೆಳಗಿನ ತರಗತಿಗಳಿಗೆ ವಿಸ್ತರಿಸಲಾಯಿತು.

ಈ ಪದ್ಧತಿಯಲ್ಲಿ ಪಾಠಗಳನ್ನು ಕಲಿಕಾ ಏಣಿಯ ಮೆಟ್ಟಿಲುಗಳಾಗಿ ವಿಂಗಡಿಸಲಾಗಿದೆ. ಮಗು ತನ್ನ ಮೆಟ್ಟಿಲಿನ ಕಾರ್ಡನ್ನು ತಾನೇ ಎದ್ದುಹೋಗಿ ತೆಗೆದುಕೊಂಡು, ಅದರ ಚಿಹ್ನೆಗೆ ಅನುಗುಣವಾಗಿ ಶಿಕ್ಷಕರ ನೆರವಿನ, ಸಹಪಾಠಿಗಳ ನೆರವಿನ ಅಥವಾ ಸ್ವಕಲಿಕೆಯ ಗುಂಪಿಗೆ ಹೋಗಿ ನೆಲದ ಮೇಲೆ ಕುಳಿತುಕೊಳ್ಳುತ್ತದೆ. ಹಾಡು, ಆಟ, ಅಭಿನಯಗಳು ಪಾಠದ ಭಾಗವೇ ಆಗಿವೆ. ನಲಿ-ಕಲಿಯನ್ನು ಎಡಿಎಚ್‌ಡಿಗಾಗಿ ರೂಪಿಸಿಲ್ಲ. ಆದರೂ ಚಿಕ್ಕ ಚಿಕ್ಕ ಕೆಲಸಗಳು, ಮೇಲಿಂದ ಮೇಲೆ ಜಾಗ ಬದಲಿಸುವ ಅವಕಾಶ ಮತ್ತು ತನ್ನದೇ ವೇಗದ ಕಲಿಕೆ ಎಂಬ ಇದರ ಮೂರು ಗುಣಗಳು ಇಂತಹ ಮಕ್ಕಳಿಗೆ ಶಿಫಾರಸು ಮಾಡುವ ಕ್ರಮಗಳೊಂದಿಗೆ ಹೊಂದುತ್ತವೆ. ನಾಲ್ಕನೆಯ ತರಗತಿಗೆ ಬಂದಾಗ ಮಗು ಸಾಲಿನಲ್ಲಿ ಕುಳಿತು ಕೇಳುವ ಪಾಠಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಅದುವರೆಗೆ ಎದ್ದು ಕಾಣದಿದ್ದ ತೊಂದರೆ ಈ ಹಂತದಲ್ಲಿ ಶಿಕ್ಷಕರ ಕಣ್ಣಿಗೆ ಬೀಳಬಹುದು. ಆಗ ಮಗುವನ್ನು ತುಂಟನೆಂದು ಹಣೆಪಟ್ಟಿ ಹಚ್ಚುವ ಮೊದಲು ತಪಾಸಣೆಗೆ ಕಳುಹಿಸುವುದು ಉಚಿತ.

ಮಂಡ್ಯ, ಮದ್ದೂರು ಮತ್ತು ಮಳವಳ್ಳಿಯ ಸಂದರ್ಭ

ಮಂಡ್ಯ ಜಿಲ್ಲೆ 1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡಿತು. ವಿಶ್ವೇಶ್ವರಯ್ಯ ನಾಲೆಯ ನೀರಾವರಿಯಿರುವ ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳು ಕಬ್ಬು ಮತ್ತು ಭತ್ತದ ಬೆಳೆಗೆ ಹೆಸರಾಗಿವೆ. ಇಲ್ಲಿನ ಹಳ್ಳಿಗಳ ಮಕ್ಕಳಿಗೆ ವಿಶೇಷ ಉಪಕರಣಗಳಿಲ್ಲದೆ ಆಡಬಹುದಾದ ಆಟಗಳ ಪರಂಪರೆಯೇ ಇದೆ.

ಖೋ-ಖೋ ಆಟದಲ್ಲಿ ಬೆನ್ನಟ್ಟುವ ತಂಡದ 8 ಆಟಗಾರರು ಒಬ್ಬರು ಬಿಟ್ಟು ಒಬ್ಬರು ವಿರುದ್ಧ ದಿಕ್ಕಿಗೆ ಮುಖ ಮಾಡಿ ಕುಳಿತಿರುತ್ತಾರೆ. ಬೆನ್ನಿಗೆ ತಟ್ಟಿ ‘ಖೋ’ ಎನ್ನುವವರೆಗೆ ಏಳುವಂತಿಲ್ಲ. ಎಂದ ಕೂಡಲೇ ಏಳಲೇಬೇಕು. ಎದೆ ಢವಗುಟ್ಟುವ ಓಟ ಮತ್ತು ಆತುರವನ್ನು ತಡೆಹಿಡಿದು ಕಾಯುವುದು ಎರಡೂ ಒಂದೇ ಆಟದಲ್ಲಿ ಸೇರಿವೆ. ಕಬಡ್ಡಿಯಲ್ಲಿ ಉಸಿರು ಹಿಡಿದು ಗೆರೆಯ ಕಡೆಗೆ ಲಕ್ಷ್ಯವಿಡಬೇಕು. ಕುಂಟೆಬಿಲ್ಲೆಯಲ್ಲಿ ಒಂಟಿ ಕಾಲಿನ ಸಮತೋಲನದೊಂದಿಗೆ ಮನೆಗಳ ಕ್ರಮವನ್ನು ನೆನಪಿಡಬೇಕು. ಲಗೋರಿಯಲ್ಲಿ ಗುರಿಯಿಡುವುದೂ ಜೋಡಿಸುವುದೂ ಇವೆ.

ಜನಪದ ಕುಣಿತಗಳೂ ಇದೇ ಬಗೆಯವು. ಕೋಲಾಟದಲ್ಲಿ ತಾಳಕ್ಕೆ ತಕ್ಕಂತೆ ಹೆಜ್ಜೆ ಹಾಕಿ ಎದುರಿನವರ ಕೋಲಿಗೆ ಸರಿಯಾದ ಕ್ಷಣದಲ್ಲಿ ಕೋಲು ತಾಗಿಸಬೇಕು. ಮಂಡ್ಯ ಭಾಗದಲ್ಲಿ ಪ್ರಸಿದ್ಧವಾದ ಪೂಜಾ ಕುಣಿತದಲ್ಲಿ ಅಲಂಕರಿಸಿದ ಬಿದಿರಿನ ಚೌಕಟ್ಟನ್ನು ತಲೆಯ ಮೇಲೆ ಹೊತ್ತು ಕುಣಿಯುವಾಗ ಇಡೀ ದೇಹ ಎಚ್ಚರವಾಗಿರಬೇಕು. ದೊಡ್ಡವರಾದಂತೆ ಮೈದಾನದ ಆಟಗಳಿಂದ ದೂರವಾಗುವ ಹುಡುಗಿಯರಿಗೆ ಕೋಲಾಟದಂತಹ ಗುಂಪು ಕುಣಿತ ಸುಲಭವಾಗಿ ದೊರೆಯುವ ಮಾರ್ಗ. ಈ ಆಟ, ಕುಣಿತಗಳನ್ನು ಚಿಕಿತ್ಸೆ ಎಂದು ಕರೆಯಲಾಗದು. ಸಂಶೋಧನೆಗಳು ಸೂಚಿಸುವ ಮಧ್ಯಮ ತೀವ್ರತೆಯ, ನಿಯಮಬದ್ಧ ಚಲನೆಯನ್ನು ಖರ್ಚಿಲ್ಲದೆ ಒದಗಿಸುವ ದಾರಿಗಳು ಇವು.

ಸ್ಥಳದ ಆಯ್ಕೆಯಲ್ಲಿ ಎಚ್ಚರ ಅಗತ್ಯ. ಎಡಿಎಚ್‌ಡಿ ಇರುವ ಮಕ್ಕಳು ಅಪಘಾತಕ್ಕೀಡಾಗುವ ಸಂಭವ ಇತರರಿಗಿಂತ ಹೆಚ್ಚು. ತೆರೆದ ನಾಲೆ, ಕೆರೆಯ ಏರಿ ಮತ್ತು ಕಬ್ಬಿನ ಲಾರಿ, ಟ್ರ್ಯಾಕ್ಟರುಗಳು ಓಡಾಡುವ ರಸ್ತೆಗಳಿಂದ ದೂರವಿರುವ, ಹಿರಿಯರ ಕಣ್ಣಳತೆಯ ಶಾಲಾ ಅಂಗಳವೇ ಸೂಕ್ತ. ಮಾರ್ಚ್‌ನಿಂದ ಮೇವರೆಗಿನ ಬಿಸಿಲಿನಲ್ಲಿ ಬೆಳಗಿನ ಹೊತ್ತು ಒಳ್ಳೆಯದು.

ರೋಗನಿರ್ಣಯ ಮತ್ತು ಚಿಕಿತ್ಸೆಯ ಲಭ್ಯತೆ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು 18 ವರ್ಷದವರೆಗಿನ ಮಕ್ಕಳಲ್ಲಿ ತಪಾಸಣೆ ಮಾಡುವ 30 ಆರೋಗ್ಯ ಸ್ಥಿತಿಗಳ ಪಟ್ಟಿಯಲ್ಲಿ ಎಡಿಎಚ್‌ಡಿಯನ್ನೂ ಸೇರಿಸಿದೆ. ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಬೇಕೆಂಬುದು ಇದರ ನಿಯಮ. ಶಿಕ್ಷಕರು ತಮ್ಮ ಅನುಮಾನವನ್ನು ಈ ತಂಡಕ್ಕೆ ತಿಳಿಸಬಹುದು.

ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ಮಂಡ್ಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಮಿಮ್ಸ್) ಇದೆ. ಹೆಚ್ಚಿನ ಪರೀಕ್ಷೆಗೆ ಮಂಡ್ಯದಿಂದ ಸುಮಾರು 100 ಕಿ.ಮೀ. ದೂರದ ಬೆಂಗಳೂರಿನ ನಿಮ್ಹಾನ್ಸ್, ಮಾತು ಮತ್ತು ಶ್ರವಣ ತೊಂದರೆಗಳೂ ಜೊತೆಗಿದ್ದರೆ ಸುಮಾರು 45 ಕಿ.ಮೀ. ದೂರದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಮಂಡ್ಯ ಮತ್ತು ಮದ್ದೂರು ಬೆಂಗಳೂರು–ಮೈಸೂರು ರೈಲು ಮಾರ್ಗದಲ್ಲಿವೆ. ಮಳವಳ್ಳಿಗೆ ರೈಲು ಸಂಪರ್ಕವಿಲ್ಲದ ಕಾರಣ ಬಸ್ಸನ್ನೇ ಅವಲಂಬಿಸಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯಲ್ಲಿ (14416) ಕನ್ನಡದಲ್ಲಿಯೂ ಉಚಿತ ಸಲಹೆ ದೊರೆಯುತ್ತದೆ.

ದೃಷ್ಟಿ ಅಥವಾ ಶ್ರವಣದ ದೋಷ, ನಿದ್ರೆಯ ಕೊರತೆ, ಆತಂಕ ಮತ್ತು ಕಲಿಕಾ ನ್ಯೂನತೆಗಳೂ ಗಮನದ ಕೊರತೆಯಂತೆ ತೋರಬಹುದು. ಆದ್ದರಿಂದ ಚಂಚಲತೆಯನ್ನಷ್ಟೇ ನೋಡಿ ಎಡಿಎಚ್‌ಡಿ ಎಂದು ತೀರ್ಮಾನಿಸುವಂತಿಲ್ಲ. 4ರಿಂದ 6 ವರ್ಷದೊಳಗಿನ ಮಕ್ಕಳಿಗೆ ಮೊದಲು ಪೋಷಕರಿಗೆ ವರ್ತನಾ ನಿರ್ವಹಣೆಯ ತರಬೇತಿ, ನಂತರದ ವಯಸ್ಸಿನವರಿಗೆ ಔಷಧ ಹಾಗೂ ವರ್ತನಾ ಚಿಕಿತ್ಸೆ ಎಂಬುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2019ರ ಮಾರ್ಗಸೂಚಿ. ಉತ್ತೇಜಕ ಔಷಧಗಳು ಹಸಿವನ್ನು ಕುಗ್ಗಿಸಿ ಹೃದಯ ಬಡಿತವನ್ನು ತುಸು ಏರಿಸಬಹುದು. ಆದ್ದರಿಂದ ಹೃದಯದ ತೊಂದರೆ ಇರುವ ಅಥವಾ ಕುಟುಂಬದಲ್ಲಿ ಅಂತಹ ಇತಿಹಾಸವಿರುವ ಮಕ್ಕಳಿಗೆ ತೀವ್ರ ವ್ಯಾಯಾಮದ ಕುರಿತು ವೈದ್ಯರ ಸಲಹೆ ಬೇಕು. ವ್ಯಾಯಾಮ ಆರಂಭಿಸಿದ ಕಾರಣಕ್ಕೆ ಔಷಧವನ್ನು ತಾವಾಗಿ ನಿಲ್ಲಿಸಬಾರದು.

ಶಿಕ್ಷೆ ಮತ್ತು ಆಟದ ಹಕ್ಕು

ಚಡಪಡಿಸುವ ಮಗುವಿಗೆ ಶಾಲೆಗಳಲ್ಲಿ ಸಾಮಾನ್ಯವಾಗಿ ದೊರೆಯುವ ಶಿಕ್ಷೆ ಎರಡು ಬಗೆಯದು: ಆಟದ ಅವಧಿಯಲ್ಲಿ ತರಗತಿಯಲ್ಲೇ ಕೂರಿಸುವುದು ಮತ್ತು ಬಸ್ಕಿ ಹೊಡೆಸುವುದು. ಮೊದಲನೆಯದು ಮಗುವಿಗೆ ಅತ್ಯಗತ್ಯವಾದ ಚಲನೆಯನ್ನೇ ಕಿತ್ತುಕೊಂಡು ಮುಂದಿನ ಅವಧಿಯ ಚಡಪಡಿಕೆಯನ್ನು ಹೆಚ್ಚಿಸುತ್ತದೆ. ಎರಡನೆಯದು ಚಲನೆಯನ್ನೇ ಅವಮಾನದೊಂದಿಗೆ ಜೋಡಿಸುತ್ತದೆ. ಎಸ್‌ಎಸ್‌ಎಲ್‌ಸಿ ತಯಾರಿಗಾಗಿ ಆಟದ ಅವಧಿಯನ್ನು ವಿಶೇಷ ತರಗತಿಗೆ ಬಳಸಿಕೊಳ್ಳುವುದರಿಂದಲೂ ಈ ಮಕ್ಕಳಿಗೆ ಇತರರಿಗಿಂತ ಹೆಚ್ಚಿನ ನಷ್ಟವಾಗುತ್ತದೆ.

ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಪ್ರಕರಣವು ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ. ಕಾಯ್ದೆಯ ಅನುಸೂಚಿಯು ಶಾಲೆಗೆ ಆಟದ ಮೈದಾನ ಮತ್ತು ಕ್ರೀಡಾ ಸಾಮಗ್ರಿಗಳನ್ನು ಕಡ್ಡಾಯಗೊಳಿಸಿದೆ. ಶಿಕ್ಷೆಗಾಗಿ ಅಥವಾ ಪಾಠದ ಕಾರಣಕ್ಕಾಗಿ ಆಟದ ವಿರಾಮವನ್ನು ಕಸಿಯಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲಿ ಹೇಳಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆಯಾದರೂ ಎಡಿಎಚ್‌ಡಿ ಪ್ರತ್ಯೇಕವಾಗಿ ಸೇರಿಲ್ಲ. ಹಾಗಾಗಿ ಎಡಿಎಚ್‌ಡಿ ಮಾತ್ರ ಇರುವ ವಿದ್ಯಾರ್ಥಿಗೆ ತರಗತಿಯಲ್ಲಿ ದೊರೆಯುವ ಅನುಕೂಲಗಳು ಬಹುಮಟ್ಟಿಗೆ ಶಿಕ್ಷಕರ ತಿಳಿವಳಿಕೆಯನ್ನೇ ಅವಲಂಬಿಸಿವೆ.

ಮಿತಿಗಳು

ಈ ಕ್ಷೇತ್ರದ ಹೆಚ್ಚಿನ ಅಧ್ಯಯನಗಳು ಸಣ್ಣ ಗುಂಪುಗಳಲ್ಲಿ ನಡೆದವು. ಮಗು ಯಾವ ಗುಂಪಿನಲ್ಲಿದೆ ಎಂಬುದು ಪೋಷಕರಿಗೂ ಶಿಕ್ಷಕರಿಗೂ ತಿಳಿದಿರುವುದರಿಂದ ಅವರ ಮೌಲ್ಯಮಾಪನದಲ್ಲಿ ಪೂರ್ವನಿರೀಕ್ಷೆ ಬೆರೆಯಬಹುದು. ಒಂದು ದಿನದ ನಡಿಗೆಯ ಪರಿಣಾಮವು ಆ ಹೊತ್ತಿಗೆ ಸೀಮಿತ. ಆದ್ದರಿಂದ ಚಲನೆಯು ನಿತ್ಯದ ಅಭ್ಯಾಸವಾಗಬೇಕು. ಒಂದು ಮಗುವಿಗೆ ಹೊಂದುವ ಕ್ರಮ ಇನ್ನೊಂದಕ್ಕೆ ಹೊಂದದಿರಬಹುದು. ಗದ್ದಲದ ಸ್ಪರ್ಧಾತ್ಮಕ ಆಟ ಕೆಲವರನ್ನು ಮತ್ತಷ್ಟು ಉದ್ರೇಕಗೊಳಿಸುವುದುಂಟು. ಅಂಥವರಿಗೆ ನಡಿಗೆ, ಸೈಕಲ್ ಸವಾರಿ ಅಥವಾ ಯೋಗ ಸೂಕ್ತವಾಗಬಹುದು.

ಇವನ್ನೂ ನೋಡಿ

ನಲಿ-ಕಲಿ
ನಿಮ್ಹಾನ್ಸ್
ಖೋ-ಖೋ
ಕೋಲಾಟ
ಪೂಜಾ ಕುಣಿತ
ಶಿಕ್ಷಣ ಹಕ್ಕು ಕಾಯ್ದೆ
ಮಂಡ್ಯ ಜಿಲ್ಲೆ